ಸರಕು ಕೊಡುವವರ ತಪ್ಪಿಗೆ ನಾವು ಖಾತ್ರಿ ಕೊಡಬೇಕಾ?

ಪ್ರಶ್ನೆ: ಹುಬ್ಬಳ್ಳಿ ಹತ್ತಿರ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. ಖಾರದ ಪುಡಿ, ಮಸಾಲೆ ಖಾರ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡುತ್ತೇವೆ. ಕಟಕ ರೊಟ್ಟಿಯನ್ನು ಒಂದು ಸಂಘದ ಹೆಣ್ಣುಮಕ್ಕಳಿಂದ ಮಾಡಿಸಿ ನಮ್ಮ ಹೆಸರಲ್ಲಿ ಮಾರುತ್ತೇವೆ. ಬೆಂಗಳೂರಿನ ಒಂದು ದೊಡ್ಡ ಅಂಗಡಿ ಸರಣಿ ನಮ್ಮ ಮಾಲು ತಗೊಳ್ಳಲು ಒಪ್ಪಿದೆ. ಆದರೆ ಮೊದಲು ಒಂದು ನೀತಿ ಸಂಹಿತೆಗೆ ಸಹಿ ಹಾಕಬೇಕಂತೆ. "ನಮ್ಮ ಇಡೀ ಪೂರೈಕೆ ಸರಪಳಿಯಲ್ಲಿ ಬಾಲ ಕಾರ್ಮಿಕರಿಲ್ಲ, ಎಲ್ಲರಿಗೂ ಕನಿಷ್ಠ ಕೂಲಿ ಸಿಗುತ್ತದೆ, ಎಲ್ಲೂ ಕಲಬೆರಕೆ ಇಲ್ಲ ಎಂದು ಖಾತ್ರಿ ಕೊಡುತ್ತೇವೆ" ಎಂದು ಅದರಲ್ಲಿದೆ. ನಾವು ಮೆಣಸಿನಕಾಯಿ ತರುವುದು ಬ್ಯಾಡಗಿಯಿಂದ, ಶೇಂಗಾ ಗದಗದಿಂದ. ಅವಸರ ಇದ್ದಾಗ ಪುಡಿಯನ್ನೂ ಹೊರಗಿಂದ ಕೊಳ್ಳುತ್ತೇವೆ. ಅವರ ಮೇಲೆ ನಮಗೇನು ಹಿಡಿತ? ಸಹಿ ಮಾಡಬಹುದಾ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಸಹಿ ಮಾಡಿ. ಆದರೆ ಆ ವಾಕ್ಯ ಇದ್ದ ಹಾಗೇ ಬೇಡ.

"ಇಡೀ ಸರಪಳಿಯಲ್ಲಿ ಇಲ್ಲವೇ ಇಲ್ಲ" ಎಂದು ಖಾತ್ರಿ ಕೊಡುವುದು ಯಾರಿಂದಲೂ ಆಗುವುದಿಲ್ಲ. ನಿಮ್ಮ ಗೋದಾಮಿನ ಕಾಯಿ ಕುಂದಗೋಳದ ಹೊಲದ್ದೋ, ಅಣ್ಣಿಗೇರಿಯದ್ದೋ, ಬಳ್ಳಾರಿ ಕಡೆಯದ್ದೋ ನಿಮಗೇ ಗೊತ್ತಿರುವುದಿಲ್ಲ. ಆ ಅಂಗಡಿಯವರಿಗೂ ಇದು ಗೊತ್ತು. ಇಂಥ ಕಾಗದ ಬರೆಯುವುದು ಅವರ ವಕೀಲರು. ನಾಳೆ ಏನಾದರೂ ಆದರೆ ಹೊಣೆ ಕೆಳಗೆ ಜಾರಲಿ ಎಂಬ ಲೆಕ್ಕ ಅದರಲ್ಲಿರುತ್ತದೆ. ಬದಲಿಗೆ ಏನು ಬರೆದುಕೊಡಬಹುದು ಎಂದು ಕೊನೆಯಲ್ಲಿ ಹೇಳುತ್ತೇನೆ.

"ನಮಗೇನು ಹಿಡಿತ" ಎಂಬ ಮಾತು ಮಾತ್ರ ಪೂರ್ತಿ ಒಪ್ಪುವಂಥದ್ದಲ್ಲ. ದಲಾಲಿ ಅಂಗಡಿಯವರಿಗೆ ನೀವು ಬುದ್ಧಿ ಹೇಳಲು ಆಗುವುದಿಲ್ಲ, ನಿಜ. ಆದರೆ ಸರಕನ್ನು ಯಾವ ರೂಪದಲ್ಲಿ ಕೊಳ್ಳುತ್ತೀರಿ, ಯಾವ ದರ ಒಪ್ಪುತ್ತೀರಿ, ದುಡ್ಡು ಯಾವಾಗ ಕೊಡುತ್ತೀರಿ, ಇವು ನಿಮ್ಮ ಕೈಯಲ್ಲೇ ಇವೆ. ಸರಕು ಕೊಡುವವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಬಹುಮಟ್ಟಿಗೆ ಇವುಗಳ ಮೇಲೇ ನಿಂತಿದೆ. ಹತ್ತು ಪುಟದ ಫಾರ್ಮ್ ಕಳಿಸಿ, ಜೊತೆಗೆ ದರ ಕಡಿಮೆ ಮಾಡಿ, ಮೂರು ತಿಂಗಳು ಬಾಕಿ ಇಟ್ಟರೆ ಆ ಫಾರ್ಮ್‌ಗೆ ಬೆಲೆ ಇರುವುದಿಲ್ಲ.

ಎಲ್ಲ ಪೂರೈಕೆದಾರರನ್ನೂ ಒಂದೇ ಸಲ ತಪಾಸಣೆ ಮಾಡಲು ಹೋಗಬೇಡಿ. ಉಪ್ಪಿನ ವ್ಯಾಪಾರಿಗೂ ಪ್ಯಾಕೆಟ್ ಕವರ್ ಮಾಡುವವರಿಗೂ ಪ್ರಶ್ನಾವಳಿ ಕಳಿಸಿ ಸುಸ್ತಾಗಿ ಬಿಟ್ಟವರು ಬಹಳ ಜನ. ಎಲ್ಲಿ ಮೋಸ ಮಾಡಿದರೆ ದುಡ್ಡು ಜಾಸ್ತಿ ಸಿಗುತ್ತದೆ, ಎಲ್ಲಿ ಮೋಸ ಕಣ್ಣಿಗೆ ಕಾಣುವುದಿಲ್ಲ, ಎಲ್ಲಿ ಬಡವರ ಕೈಕೆಲಸ ಜಾಸ್ತಿ ಇದೆ, ಅಲ್ಲಿಂದ ಶುರು ಮಾಡಿ. ನಿಮ್ಮ ವ್ಯಾಪಾರದಲ್ಲಿ ಈ ಮೂರೂ ಸೇರುವ ಜಾಗ ಒಂದೇ. ಅದು ಮೆಣಸಿನಕಾಯಿ.

ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣದಿಂದ, ಖಾರದಿಂದ ಅಲ್ಲ. ಅದರಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಬಗೆ, ಯಾವುದೇ ಆಗಲಿ ಖಾರ ಕಡಿಮೆ, ಕೆಂಪು ಜಾಸ್ತಿ. ಅದಕ್ಕೇ ಓಲಿಯೋರೆಸಿನ್, ಅಂದರೆ ಕಾಯಿಯ ಬಣ್ಣದ ಎಣ್ಣೆಯಂಥ ಸಾರ, ತೆಗೆಯುವ ಕಾರ್ಖಾನೆಗಳೂ ಇದನ್ನು ಕೊಳ್ಳುತ್ತವೆ. ಬಣ್ಣಕ್ಕೆ ದುಡ್ಡು ಸಿಗುವ ಕಡೆ ಬಣ್ಣವನ್ನೇ ಸೇರಿಸುವ ಆಸೆ ಹುಟ್ಟುತ್ತದೆ. ಹೊಸ ಕಾಯಿ ಡಿಸೆಂಬರ್‌ನಿಂದ ಬರಲು ಶುರುವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಮಾರುಕಟ್ಟೆ ತುಂಬುತ್ತದೆ. ಉಳಿದದ್ದು ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ಥಂಡಿಯಲ್ಲಿಟ್ಟರೂ ತಿಂಗಳು ಕಳೆದಂತೆ ಕೆಂಪು ಇಳಿಯುತ್ತದೆ. ದಸರೆ, ದೀಪಾವಳಿ ಹೊತ್ತಿಗೆ ಕಾಯಿ ಹಳೆಯದು, ಬೇಡಿಕೆ ಮಾತ್ರ ಜೋರು. ಬಣ್ಣ ಬೆರೆಸುವ ಅಪಾಯ ಆಗ ಹೆಚ್ಚು. ವರ್ಷಕ್ಕೆ ಒಂದೇ ಸಲ ಲ್ಯಾಬ್ ಪರೀಕ್ಷೆಗೆ ದುಡ್ಡಿದ್ದರೆ ಅದನ್ನು ಮಾರ್ಚ್‌ನಲ್ಲಿ ಖರ್ಚು ಮಾಡಬೇಡಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಾಡಿ.

ಈಗ ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹತ್ತಿಸಿದ ಮಾತಿಗೆ ಬರುತ್ತೇನೆ. "ಅವಸರ ಇದ್ದಾಗ ಪುಡಿಯನ್ನೂ ಹೊರಗಿಂದ ಕೊಳ್ಳುತ್ತೇವೆ" ಎಂದಿದ್ದೀರಿ. ಇದನ್ನು ಇವತ್ತೇ ನಿಲ್ಲಿಸಿ. ಇಡೀ ಕಾಯಿಯಲ್ಲಿ ಬೂಸ್ಟು, ಬಿಳಿಕಾಯಿ, ಕಸ, ಬೇರೆ ತಳಿ ಕಣ್ಣಿಗೆ ಕಾಣುತ್ತವೆ. ಪುಡಿಯಾದ ಮೇಲೆ ಏನೂ ಕಾಣುವುದಿಲ್ಲ. 2005ರ ಫೆಬ್ರವರಿಯಲ್ಲಿ ಬ್ರಿಟನ್‌ನಲ್ಲಿ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಬೇಕಾಯಿತು. ಕಾರಣ ಒಂದು ಸಾಸ್‌ಗೆ ಹಾಕಿದ್ದ ಖಾರದ ಪುಡಿ. ಅದರಲ್ಲಿ ಸುಡಾನ್-1 ಎಂಬ ಬಣ್ಣ ಇತ್ತು. ಆ ಪುಡಿ ಹೋಗಿದ್ದು ಭಾರತದಿಂದ. ಅದು ಹಲವು ಕೈ ದಾಟಿತ್ತು, ಆ ಸಾಸ್ ಮತ್ತೆ ಎಷ್ಟೋ ತಿನಿಸುಗಳಿಗೆ ಸೇರಿತ್ತು. ಸಾಸ್ ಮಾಡಿದವರು ಬಣ್ಣ ಬೆರೆಸಿರಲಿಲ್ಲ. ಹೆಸರು ಕೆಟ್ಟದ್ದು ಮಾತ್ರ ಅವರದೇ.

ಸುಡಾನ್ ಬಣ್ಣಗಳು ಮೇಣ, ಎಣ್ಣೆ, ಶೂ ಪಾಲಿಶ್‌ಗೆ ಬಳಸುವಂಥವು. ಆಹಾರದಲ್ಲಿ ಯಾವ ಪ್ರಮಾಣಕ್ಕೂ ಅನುಮತಿ ಇಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ಪರೀಕ್ಷೆಯೊಂದಿದೆ, ನೀವೂ ನೋಡಿರುತ್ತೀರಿ. ಗ್ಲಾಸು ನೀರಿಗೆ ಪುಡಿ ಉದುರಿಸಿ, ಬಣ್ಣ ಗೆರೆಗೆರೆಯಾಗಿ ಇಳಿದರೆ ಕಲಬೆರಕೆ ಅಂತ. ನೀರಲ್ಲಿ ಕರಗುವ ಬಣ್ಣಕ್ಕೆ ಅದು ಸರಿ, ಇಟ್ಟಿಗೆ ಪುಡಿ ತಳಕ್ಕೆ ಕೂರುವುದೂ ಕಾಣುತ್ತದೆ. ಆದರೆ ಸುಡಾನ್ ಕರಗುವುದು ಎಣ್ಣೆಯಲ್ಲಿ. ನೀರಿನ ಪರೀಕ್ಷೆಯಲ್ಲಿ ಅದು ಆರಾಮಾಗಿ ಪಾಸಾಗುತ್ತದೆ. ಎಣ್ಣೆಗೆ ಹಾಕಿ ನೋಡೋಣ ಅಂದರೆ ಅಸಲಿ ಬ್ಯಾಡಗಿ ಪುಡಿಯೂ ಎಣ್ಣೆಗೆ ಕೆಂಪು ಬಿಡುತ್ತದೆ, ಅದೇ ಅದರ ಗುಣ ಅಲ್ವಾ? ಹಾಗಾಗಿ ಇದಕ್ಕೆ ಮನೆ ಪರೀಕ್ಷೆ ಇಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೇ ಕಳಿಸಬೇಕು. ಕಳಿಸುವಾಗ "ಸುಡಾನ್ ಬಣ್ಣ ನೋಡಿ" ಎಂದು ಬರೆದು ಕೇಳಬೇಕು. ಕೇಳದಿದ್ದರೆ ತೇವಾಂಶ, ಬೂದಿ ನೋಡಿ ಸುಮ್ನೆ ಒಂದು ವರದಿ ಕೊಡುತ್ತಾರೆ.

ಲ್ಯಾಬಿಗಿಂತ ಮೊದಲು ಕೂಡಿಸಿ ಕಳೆಯುವ ಲೆಕ್ಕ ಮಾಡಿ. ಇದು ಇವತ್ತಿನ ದರ ಅಲ್ಲ, ಉದಾಹರಣೆಗೆ ಅಷ್ಟೇ. ತೊಟ್ಟು ಸಮೇತ ಕಾಯಿ ಕೆಜಿಗೆ 300 ರೂಪಾಯಿ ಅನ್ನಿ. ತೊಟ್ಟು, ಕಸ, ಒಣಗಿ ಹೋಗುವ ತೂಕ ಎಲ್ಲ ಸೇರಿ ನೂರು ಕೆಜಿಗೆ ಹತ್ತು ಕೆಜಿ ಕಳೆಯಿತು. ಆಗ ಕಾಯಿಯ ಅಸಲೇ ಕೆಜಿಗೆ 333 ಆಯಿತು. ತೊಟ್ಟು ಬಿಡಿಸುವ ಕೂಲಿ, ಗಿರಣಿ, ಚೀಲ, ಗಾಡಿ ಬಾಡಿಗೆ ಸೇರಿಸಿದರೆ 370ರ ಹತ್ತಿರ ಬರುತ್ತದೆ. ಯಾರೋ 310ಕ್ಕೆ "ಅಸಲಿ ಬ್ಯಾಡಗಿ ಪುಡಿ" ಕೊಡುತ್ತೇನೆ ಅಂದರೆ ಉಳಿದ 60 ರೂಪಾಯಿ ಎಲ್ಲಿಂದ ಬಂತು? ಗುಂಟೂರು ಕಾಯಿಯಿಂದ, ತೊಟ್ಟಿನಿಂದ, ಎಣ್ಣೆ ತೆಗೆದ ಚರಟದಿಂದ, ಇಲ್ಲವೇ ಬಣ್ಣದಿಂದ. ದರ ನೋಡಿಯೂ ಕೊಂಡರೆ "ನಮಗೆ ಗೊತ್ತಿರಲಿಲ್ಲ" ಎನ್ನಲು ಬರುವುದಿಲ್ಲ.

ತಳಿಯ ವಿಷಯವೂ ಇದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬ್ಯಾಡಗಿ ಮಾರುಕಟ್ಟೆಗೆ ಬಂದದ್ದೆಲ್ಲ ಬ್ಯಾಡಗಿ ಕಾಯಿ ಅಲ್ಲ. ಹೈಬ್ರಿಡ್ ಬರುತ್ತದೆ, ಆಂಧ್ರದ ಕಾಯಿಯೂ ಬರುತ್ತದೆ. ಅವು ಕೆಟ್ಟವು ಎಂದೇನೂ ಅಲ್ಲ. ಮಿಶ್ರಣ ಮಾಡಿ ಮಾರಿ, ತಪ್ಪಿಲ್ಲ. ಆದರೆ ಪ್ಯಾಕೆಟ್ ಮೇಲೆ "ಬ್ಯಾಡಗಿ" ಎಂದು ಬರೆದು ಒಳಗೆ ಅರ್ಧ ಗುಂಟೂರು ಹಾಕುವವರು ಪೂರೈಕೆದಾರರ ನೀತಿ ಬಗ್ಗೆ ಮಾತಾಡಲು ಹೋಗಬಾರದು. ದಲಾಲಿ ಅಂಗಡಿಯ ಪಟ್ಟಿಯಲ್ಲಿ ಲಾಟ್ ನಂಬರ್, ತಳಿ ಬರೆಸಿಕೊಳ್ಳಿ. ಆ ನಂಬರನ್ನೇ ನಿಮ್ಮ ರುಬ್ಬುವ ರಿಜಿಸ್ಟರ್‌ಗೆ ಇಳಿಸಿ. ಬೆಂಗಳೂರಿನವರು ಯಾವುದೋ ಪ್ಯಾಕೆಟ್ ಹಿಡಿದು "ಇದು ಎಲ್ಲಿಯ ಕಾಯಿ" ಎಂದಾಗ ಆ ಲಾಟ್‌ವರೆಗಾದರೂ ಹಿಂದೆ ಹೋಗಲು ಸಾಧ್ಯವಾಗಬೇಕು.

ತೂಕಕ್ಕಾಗಿ ನೀರು ಚಿಮುಕಿಸುವುದು ಹಳೇ ರೋಗ. ಒಣ ಮೆಣಸಿನಕಾಯಿಗೆ ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ತೇವಾಂಶದ ಮಿತಿ ಶೇಕಡ 11. ಅದು ಮೀರಿದ ಚೀಲ ಒತ್ತಾಗಿ ಕೂತರೆ ಬೂಸ್ಟು, ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ. ತೇವ ಅಳೆಯುವ ಸಣ್ಣ ಯಂತ್ರ ಇಟ್ಟುಕೊಳ್ಳಿ, ಬಾಗಿಲಲ್ಲೇ ಅಳೆಯಿರಿ. ಆದರೆ ಒಂದು ಶರತ್ತು. ಒಣಗಿದ ಕಾಯಿ ತಂದವರಿಗೆ ದರ ಜಾಸ್ತಿ ಕೊಡಬೇಕು. ಒಣಗಿಸಿದವರಿಗೂ ನೀರು ಹೊಡೆದವರಿಗೂ ಒಂದೇ ದರ ಅಂದರೆ ನೀರು ಹೊಡೆಯಿರಿ ಎಂದು ನೀವೇ ಹೇಳಿದ ಹಾಗೆ.

2008ರಲ್ಲಿ ಚೀನಾದಲ್ಲಿ ಆದದ್ದು ನೆನಪಿರಬಹುದು. ಮಕ್ಕಳ ಹಾಲಿನ ಪುಡಿಯಲ್ಲಿ ಮೆಲಮೈನ್ ಎಂಬ ಕಾರ್ಖಾನೆ ರಾಸಾಯನಿಕ ಸಿಕ್ಕಿತು. ಅಲ್ಲಿನ ಸರ್ಕಾರದ ಲೆಕ್ಕದಲ್ಲೇ ಆರು ಕೂಸುಗಳು ತೀರಿಕೊಂಡವು, ಸುಮಾರು 3 ಲಕ್ಷ ಮಕ್ಕಳಿಗೆ ತೊಂದರೆಯಾಯಿತು. ಬೆರೆಸಿದ್ದು ಹೆಚ್ಚಾಗಿ ಹಳ್ಳಿಗೂ ಕಾರ್ಖಾನೆಗೂ ನಡುವೆ ಹಾಲು ಸಂಗ್ರಹಿಸುವವರು. ಹಾಲಿಗೆ ನೀರು ಸೇರಿಸಿ, ಪ್ರೋಟೀನ್ ಪರೀಕ್ಷೆಯಲ್ಲಿ ಪಾಸಾಗಲಿ ಎಂದು ಮೆಲಮೈನ್ ಹಾಕುತ್ತಿದ್ದರು. ಆ ಪರೀಕ್ಷೆ ಅಳೆಯುತ್ತಿದ್ದದ್ದು ಸಾರಜನಕವನ್ನು, ಮೆಲಮೈನ್‌ನಲ್ಲಿ ಅದು ಬೇಕಾದಷ್ಟಿದೆ. ಮೋಸ ಮಾಡುವವರು ನಿಮ್ಮ ಪರೀಕ್ಷೆಯನ್ನು ನಿಮಗಿಂತ ಚೆನ್ನಾಗಿ ಕಲಿತಿರುತ್ತಾರೆ. ಅದಕ್ಕೇ ಯಾವಾಗ, ಯಾವ ಲಾಟ್, ಏನು ಪರೀಕ್ಷೆ ಎಂಬುದನ್ನು ಮೊದಲೇ ಹೇಳಬೇಡಿ, ಬದಲಾಯಿಸುತ್ತಲೂ ಇರಿ.

ಇನ್ನು ಜನರ ವಿಷಯ. ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವ, ಕಾಯಿ ಆರಿಸುವ ಕೆಲಸ ಬಹುತೇಕ ಹೆಣ್ಣುಮಕ್ಕಳದು. ಕೂಲಿ ಕೆಜಿ ಲೆಕ್ಕದಲ್ಲಿ. ನಿಮ್ಮ ಸಂಹಿತೆಯ ಬಾಲ ಕಾರ್ಮಿಕರ ಮಾತೂ ಕನಿಷ್ಠ ಕೂಲಿಯ ಮಾತೂ ಇಲ್ಲೇ ಬಂದು ಕೂಡುತ್ತವೆ. ಕೆಜಿಗೆ ಇಷ್ಟು ಅಂದಾಗ ಎಂಟು ಗಂಟೆಯಲ್ಲಿ ಎಷ್ಟಾಯಿತು ಎಂದು ಯಾರೂ ಕೇಳುವುದಿಲ್ಲ. ಕೆಜಿ ಲೆಕ್ಕ ಇದ್ದರೂ ದಿನದ ದುಡಿಮೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಗಿಂತ ಕೆಳಗೆ ಇಳಿಯಬಾರದು. ಅದು ಇಳಿದಾಗ ತಾಯಿ ಜೊತೆಗೆ ಮಗಳೂ ಬಂದು ಕೂರುತ್ತಾಳೆ. ಎರಡು ಕೈಗೆ ನಾಲ್ಕು ಕೈ ಆದರೆ ಕೆಜಿ ಜಾಸ್ತಿ. ಲೆಕ್ಕದ ಪುಸ್ತಕದಲ್ಲಿ ತಾಯಿಯ ಹೆಸರು ಮಾತ್ರ ಇರುತ್ತದೆ.

"ಅವ್ವನ ಜೊತೆ ಬಂದಾರ್ರೀ, ಸಾಲಿ ಸೂಟಿ ಐತಿ" ಎಂಬ ಉತ್ತರ ನಿಮಗೂ ಸಿಗುತ್ತದೆ. ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. 14 ವರ್ಷದೊಳಗಿನ ಮಕ್ಕಳು ತಮ್ಮ ಮನೆಯವರ ಸ್ವಂತ ಕೆಲಸದಲ್ಲಿ ಮಾತ್ರ ಕೈಜೋಡಿಸಬಹುದು. ಅದೂ ಶಾಲೆಯ ಹೊತ್ತು ಬಿಟ್ಟು ಅಥವಾ ರಜೆಯಲ್ಲಿ, ಅಪಾಯ ಇಲ್ಲದ ಕೆಲಸವಾದರೆ. ಬೇರೆಯವರ ಗೋದಾಮಿನಲ್ಲಿ ತಾಯಿ ಕೂಲಿ ಮಾಡುತ್ತಿದ್ದರೆ ಅದು ಮನೆಯ ಸ್ವಂತ ಕೆಲಸ ಆಗುವುದಿಲ್ಲ. ಸೂಟಿ ಇದ್ದರೂ ಅಷ್ಟೇ.

ಇದನ್ನು ಫಾರ್ಮ್ ಕಳಿಸಿ ತಿಳಿಯಲು ಆಗುವುದಿಲ್ಲ. "ಇಂಥ ದಿನ ಬರುತ್ತೇವೆ" ಎಂದು ಫೋನ್ ಮಾಡಿ ಹೋದರೂ ಆಗುವುದಿಲ್ಲ. ಅವತ್ತು ನೆಲ ತೊಳೆದಿರುತ್ತಾರೆ, ಎಲ್ಲರ ತಲೆಗೂ ಟೋಪಿ ಇರುತ್ತದೆ. ಕೂಲಿ ಬಟವಾಡೆಯ ದಿನ ಸಂಜೆ ಹೋಗಿ. ಒಬ್ಬರು ದಿನಕ್ಕೆ ಎಷ್ಟು ಕೆಜಿ ಬಿಡಿಸುತ್ತಾರೆ ಎಂದು ಕೂತು ನೋಡಿ, ಅವರ ಹತ್ತಿರವೇ ಕೇಳಿ. ಕೆಜಿ ದರಕ್ಕೆ ಗುಣಿಸಿ. ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಜೊತೆ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಹೋಗಿ. ಶೌಚಾಲಯದ ವಿಷಯ, ಖಾರದ ಧೂಳಿಗೆ ರಾತ್ರಿಯಿಡೀ ಕೆಮ್ಮುವ ವಿಷಯ ಗಂಡಸರ ಮುಂದೆ ಹೊರಗೆ ಬರುವುದಿಲ್ಲ.

ತಪ್ಪು ಕಂಡರೆ ಏನು ಮಾಡುವುದು? ಬಹಳ ಜನ ಇಲ್ಲೇ ಎಡವುತ್ತಾರೆ. ಬಣ್ಣ ಬೆರೆಸಿದ್ದು ಲ್ಯಾಬಿನಲ್ಲಿ ಖಾತ್ರಿಯಾದರೆ ಎರಡನೇ ಮಾತಿಲ್ಲ. ಅವತ್ತೇ ವ್ಯಾಪಾರ ನಿಲ್ಲಿಸಿ, ಆ ಲಾಟ್‌ನಿಂದ ಮಾಡಿದ್ದೆಲ್ಲ ವಾಪಸ್ ತರಿಸಿ. ಕೂಲಿ ಕಡಿಮೆ ಇದ್ದರೆ, ಮಕ್ಕಳು ಕೂತಿದ್ದರೆ ಹಾಗೆ ಮಾಡಬೇಡಿ. ನೀವು ಕೈಬಿಟ್ಟರೆ ಅದೇ ಮಾಲನ್ನು ಪಕ್ಕದವರು ಕೊಳ್ಳುತ್ತಾರೆ, ಆ ಹುಡುಗಿ ಅಲ್ಲೇ ಇರುತ್ತಾಳೆ. ಕೂತು ಮಾತಾಡಿ. ಮಕ್ಕಳು ಇವತ್ತಿನಿಂದಲೇ ಬೇಡ, ಕೆಜಿ ದರ ಇಷ್ಟು ಏರಬೇಕು, ಅದರಿಂದ ನಿಮ್ಮ ದರಕ್ಕೆ ಎಷ್ಟು ಬೀಳುತ್ತದೋ ಅಷ್ಟನ್ನು ನಾವು ಕೊಡುತ್ತೇವೆ ಎಂದು ಹೇಳಿ. ನಿಮ್ಮ ಪುಡಿಯ ಬೆಲೆಯಲ್ಲಿ ತೊಟ್ಟು ಬಿಡಿಸುವ ಕೂಲಿ ಬಹಳ ಸಣ್ಣ ಪಾಲು. ಆ ಹೆಚ್ಚಳವನ್ನು ತಡೆದುಕೊಳ್ಳಲು ಆಗದ ಧಂದೆ ನಿಮ್ಮದಲ್ಲ. ಮಾತಾಡಿದ ಮೇಲೂ ಮುಂದಿನ ಸೀಸನ್‌ಗೆ ಏನೂ ಬದಲಾಗದಿದ್ದರೆ ಆಗ ಬಿಡಿ. ಮಕ್ಕಳನ್ನು ಎಲ್ಲಿಂದಲೋ ತಂದು ದುಡಿಸುತ್ತಿದ್ದಾರೆ ಅನ್ನಿಸಿದರೆ ಮಾತ್ರ ಮಾತುಕತೆ ಬೇಡ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಕಾಗದಪತ್ರದ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿಯ ನಿಯಮಗಳ ಪ್ರಕಾರ ನೀವು ಲೈಸೆನ್ಸ್ ಅಥವಾ ನೋಂದಣಿ ಇರುವವರಿಂದಲೇ ಆಹಾರ ಸರಕು ಕೊಳ್ಳಬೇಕು, ಅದರ ದಾಖಲೆ ಇಡಬೇಕು. ಅವರ 14 ಅಂಕಿಯ ಲೈಸೆನ್ಸ್ ನಂಬರನ್ನು ಸರ್ಕಾರದ ಆಹಾರ ಲೈಸೆನ್ಸ್ ಜಾಲತಾಣ ಫಾಸ್‌ಕಾಸ್‌ನಲ್ಲಿ ಹಾಕಿ ನೋಡಿ. ಅವಧಿ ಮುಗಿದಿದೆಯಾ, ವಿಳಾಸ ಅದೇನಾ ಎಂದು ನೋಡಲು ಎರಡು ನಿಮಿಷ ಸಾಕು. ರೈತರ ಹತ್ತಿರ ನೇರ ಕೊಂಡರೆ ಅವರಿಗೆ ಈ ಲೈಸೆನ್ಸ್ ಕೇಳಬೇಡಿ. ಹೊಲದ ಮಟ್ಟದಲ್ಲಿ ರೈತರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆಹಾರ ವ್ಯಾಪಾರಿ ನಿಮಗೆ ಮಾರುವಾಗ ಸರಕಿನ ಗುಣದ ಬಗ್ಗೆ ಲಿಖಿತ ಖಾತ್ರಿ ಕೊಡಬೇಕು. ಆ ಖಾತ್ರಿಯ ನಮೂನೆ ಇಲ್ಲದಿದ್ದರೂ ಬಿಲ್ಲನ್ನೇ ಖಾತ್ರಿ ಎಂದು ಕಾಯ್ದೆ ಪರಿಗಣಿಸುತ್ತದೆ. ಬಿಲ್ಲಿಲ್ಲದೆ ಕೊಂಡರೆ ಆ ಒಂದು ರಕ್ಷಣೆಯೂ ಹೋಯಿತು. ನಾಳೆ ಕೇಸಾದರೆ "ನಾವು ಮಾಡಬೇಕಾದ ಎಚ್ಚರಿಕೆ ಎಲ್ಲ ಮಾಡಿದ್ದೆವು" ಎಂದು ವಾದಿಸಲು ಸೆಕ್ಷನ್ 80ರಲ್ಲಿ ಅವಕಾಶ ಇದೆ. ಆಗ ತೋರಿಸಲು ಬೇಕಾಗುವುದು ಈ ಬಿಲ್ಲು, ಲಾಟ್ ರಿಜಿಸ್ಟರ್, ತೇವಾಂಶದ ಪುಸ್ತಕ, ಲ್ಯಾಬ್ ವರದಿಗಳೇ. ದುಬಾರಿ ಅಂತರರಾಷ್ಟ್ರೀಯ ಪ್ರಮಾಣಪತ್ರ ಮಾಡಿಸಿಕೊಡುತ್ತೇವೆ ಎಂದು ಬರುವ ಏಜೆಂಟರನ್ನು ಸದ್ಯಕ್ಕೆ ಬಾಗಿಲಿಂದಲೇ ಕಳಿಸಿ.

ಶೇಂಗಾದಲ್ಲಿ ನೋಡಬೇಕಾದ್ದು ಒಂದೇ. ಮುರುಟಿದ, ಕಪ್ಪಾದ, ಬೂಸ್ಟು ಹಿಡಿದ ಕಾಳನ್ನು "ಚಟ್ನಿಗೆ ನಡೀತದ" ಎಂದು ಅಗ್ಗಕ್ಕೆ ಕೊಡುತ್ತಾರೆ. ಅದನ್ನು ತಗೊಳ್ಳಬೇಡಿ. ಅಫ್ಲಾಟಾಕ್ಸಿನ್ ಹುರಿದರೂ ಪೂರ್ತಿ ಹೋಗುವುದಿಲ್ಲ.

ಕೊನೆಗೆ ರೊಟ್ಟಿ. ನಿಮ್ಮ ಪತ್ರದಲ್ಲಿ ಸಂಘದ ಹೆಣ್ಣುಮಕ್ಕಳ ಬಗ್ಗೆ ಒಂದೇ ಸಾಲು ಇದೆ. ಅವರೂ ನಿಮ್ಮ ಪೂರೈಕೆದಾರರೇ. ಅವರ ಕಣ್ಣಿಗೆ ನೀವೇ ದೊಡ್ಡ ಕಂಪನಿ. ನಿಮಗೆ ಬೆಂಗಳೂರಿನವರು ಹಾಕಿದ ಶರತ್ತುಗಳನ್ನು ಅವರ ಜಾಗದಲ್ಲಿ ಕೂತು ಓದಿ. ಒಂದು ರೊಟ್ಟಿಗೆ ಎಷ್ಟು ಕೊಡುತ್ತೀರಿ? ಜೋಳದ ದರ ಏರಿದಾಗ ಅದನ್ನು ಏರಿಸಿದಿರಾ? ಸಾಗಣೆಯಲ್ಲಿ ಮುರಿದ ರೊಟ್ಟಿಯ ದುಡ್ಡು ಯಾರ ಲೆಕ್ಕದಲ್ಲಿ ಹೋಗುತ್ತದೆ? ಬಿಲ್ಲು ಎಷ್ಟು ದಿನಕ್ಕೆ ಚುಕ್ತಾ? ಸಂಘಕ್ಕೆ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಇದ್ದರೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ 2006ರ ಎಂಎಸ್‌ಎಂಇ ಕಾಯ್ದೆ ಅನ್ವಯಿಸುತ್ತದೆ. ಲಿಖಿತ ಒಪ್ಪಂದ ಇದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಸೂಕ್ಷ್ಮ, ಸಣ್ಣ ಘಟಕಗಳಿಗೆ ಸಮಯಕ್ಕೆ ಕೊಡದ ದುಡ್ಡನ್ನು ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸುವುದನ್ನೂ 2024ರಿಂದ ಬಿಗಿ ಮಾಡಿದ್ದಾರೆ, ನಿಮ್ಮ ಲೆಕ್ಕಿಗರನ್ನು ಕೇಳಿ. ದಲಾಲಿ ಅಂಗಡಿ, ವ್ಯಾಪಾರಿಗಳಿಗೆ ಈ ಸವಲತ್ತು ಇಲ್ಲ. ಆದರೂ ಅಲ್ಲಿ ಉದ್ರಿ ಎಷ್ಟು ದಿನ ಎಳೆಯುತ್ತೀರೋ ಅಷ್ಟು ಅದರ ಬಿಸಿ ತೊಟ್ಟು ಬಿಡಿಸುವವರಿಗೆ ಮತ್ತು ರೈತರಿಗೇ ತಟ್ಟುತ್ತದೆ. 2024ರ ಮಾರ್ಚ್‌ನಲ್ಲಿ ಕಾಯಿ ದರ ಏಕಾಏಕಿ ಬಿತ್ತು ಎಂದು ಬ್ಯಾಡಗಿ ಎಪಿಎಂಸಿಯಲ್ಲಿ ರೈತರು ಸಿಟ್ಟಿಗೆದ್ದು ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಬೆಂಕಿ ಹಚ್ಚಿದ್ದು ಸರಿ ಅನ್ನುತ್ತಿಲ್ಲ. ದರ ಹೇಗೆ ನಿಂತಿತು ಎಂದು ಅರ್ಥವಾಗದ ಕಡೆ ನೀತಿಯ ಮಾತು ಯಾರ ಕಿವಿಗೂ ಹೋಗುವುದಿಲ್ಲ ಅಷ್ಟೇ.

ಇದೇ 45 ದಿನದ ನಿಯಮ ನಿಮಗೂ ಸಿಗುತ್ತದೆ. ನಿಮ್ಮದು ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿ ಉದ್ಯಮ್ ನೋಂದಣಿ ಆಗಿದ್ದರೆ ಬೆಂಗಳೂರಿನವರು ನಿಮಗೆ 90 ದಿನ ಬಾಕಿ ಇಡುವಂತಿಲ್ಲ. ಅವರ ಸಂಹಿತೆಯ ಜೊತೆ ಬಂದ ಖರೀದಿ ಕರಾರಿನಲ್ಲಿ ಪಾವತಿಯ ಕಲಂ ಹುಡುಕಿ ಓದಿ. ಸಂಹಿತೆಗಿಂತ ಅದು ಮುಖ್ಯ.

ಖಾತ್ರಿಯ ವಾಕ್ಯದ ಜಾಗಕ್ಕೆ ಇಂಥದ್ದೊಂದು ಬರೆದು ಕಳಿಸಿ: "ನಮ್ಮ ಘಟಕದಲ್ಲಿ ಮತ್ತು ನಮಗೆ ನೇರವಾಗಿ ಸರಕು ಕೊಡುವವರಲ್ಲಿ ಬಾಲ ಕಾರ್ಮಿಕರು, ಕನಿಷ್ಠ ಕೂಲಿಗಿಂತ ಕಡಿಮೆ ಪಾವತಿ, ಕಲಬೆರಕೆ ಇಲ್ಲದಂತೆ ನೋಡಿಕೊಳ್ಳಲು ಈ ಕೆಳಗಿನ ಕ್ರಮಗಳನ್ನು ಕೈಗೊಂಡಿದ್ದೇವೆ. ಲೋಪ ಕಂಡರೆ ನಿಮಗೆ ಲಿಖಿತವಾಗಿ ತಿಳಿಸಿ, ಸರಿಪಡಿಸಿದ ದಾಖಲೆ ಇಡುತ್ತೇವೆ. ಸರಿಪಡಿಸಲು ತಗಲುವ ನ್ಯಾಯವಾದ ವೆಚ್ಚವನ್ನು ದರದಲ್ಲಿ ಪರಿಗಣಿಸಲು ನೀವು ಒಪ್ಪುತ್ತೀರಿ." ಕೆಳಗೆ ಇಡೀ ಕಾಯಿ ಮಾತ್ರ ಕೊಳ್ಳುವುದು, ಲಾಟ್ ದಾಖಲೆ, ತೇವಾಂಶ, ಯಾವಾಗಲೆಂದು ಹೇಳದೆ ಮಾಡಿಸುವ ಲ್ಯಾಬ್ ಪರೀಕ್ಷೆ, ಗೋದಾಮು ಭೇಟಿ, ಇವನ್ನು ನೀವು ನಿಜವಾಗಿ ಮಾಡುವಷ್ಟೇ ಬರೆಯಿರಿ. ಕೊನೆಯ ವಾಕ್ಯವನ್ನು ಅವರು ಹೊಡೆದು ಹಾಕಬಹುದು, ಅದಕ್ಕೆ ಜಗ್ಗಾಡಬೇಡಿ. ಮೊದಲ ಎರಡನ್ನೂ ಒಪ್ಪದೆ ಹಳೇ ವಾಕ್ಯವೇ ಬೇಕು ಅಂದರೆ, ಆ ಆರ್ಡರ್‌ಗಾಗಿ ಹೊಸ ಮಶಿನ್‌ಗೆ ಸಾಲ ಮಾಡುವ ಮೊದಲು ಇನ್ನೊಂದು ಸಲ ಯೋಚಿಸಿ.